ನಿಮ್ಮ ಪಿರಿಯಡ್ ಪಕ್ಕದ ಸಾಲಿಯಲ್ಲೂ ನಡೆಯಲಿ: ತರಗತಿಯ ತಂತ್ರಜ್ಞಾನವನ್ನು ಸಹಶಿಕ್ಷಕರಿಗೆ ದಾಟಿಸುವ ಸಮಗ್ರ ಮಾರ್ಗದರ್ಶಿ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಯಾವುದೇ ಕ್ಲಸ್ಟರಿನ (ಹತ್ತಿರದ ಶಾಲೆಗಳ ಗುಂಪಿನ) ಶಿಕ್ಷಕರ ವಾಟ್ಸಾಪ್ ಗ್ರೂಪ್ ತೆರೆದು ನೋಡಿ. ಹೊಸ ಆ್ಯಪಿನ ಲಿಂಕು, ಯಾರೋ ಮಾಡಿದ ವಿಡಿಯೊ, ಊರೆಲ್ಲ ಸುತ್ತಿ ಬಂದ ಪಿಡಿಎಫ್ ದಿನಾ ಬಂದು ಬೀಳುತ್ತವೆ. ಅದರ ಕೆಳಗೆ ಹೆಬ್ಬೆರಳುಗಳ ಸಾಲು, 'ಸೂಪರ್ ಸರ' ಎಂಬ ಮೆಚ್ಚುಗೆ. ಮರುದಿನ ಅದನ್ನು ತರಗತಿಯಲ್ಲಿ ಬಳಸಿದವರು ಯಾರು ಎಂದು ಕೇಳಿದರೆ ಗ್ರೂಪ್ ತಣ್ಣಗಾಗುತ್ತದೆ. ಮಾಸ್ತರರಿಗೆ, ಅಕ್ಕೋರಿಗೆ ಆಸಕ್ತಿ ಇದ್ದೇ ಇದೆ. ಆದರೆ ಅವರ ಕೈಗೆ ಬಂದದ್ದು ಲಿಂಕು ಮಾತ್ರ. ಅದು ಯಾವ ಪಾಠದ ಯಾವ ಗಂಟು ಬಿಡಿಸುತ್ತದೆ, ಎಷ್ಟು ನಿಮಿಷ ಬೇಕು, ಮಕ್ಕಳಿಗೆ ಏನು ಕೇಳಬೇಕು, ನಡುವೆ ಕರೆಂಟು ಹೋದರೆ ಏನು ಮಾಡಬೇಕು, ಇವು ಯಾವುವೂ ಜೊತೆಗೆ ಬಂದಿರುವುದಿಲ್ಲ.

ಹಾಗಾಗಿ ಈ ಮಾರ್ಗದರ್ಶಿಯ ಉದ್ದಕ್ಕೂ ಒಂದೇ ಹಟ: ಆ್ಯಪ್ ಹಂಚಬೇಡಿ, ಪಿರಿಯಡ್ ಹಂಚಿ. ಈ ಭಾಗದ ಕನ್ನಡ ಶಾಲೆಗಳ ಮಾಸ್ತರರಿಗಾಗಿ 19ನೇ ಶತಮಾನದಲ್ಲೇ 'ಮಠಪತ್ರಿಕೆ' ಹೊರಡುತ್ತಿತ್ತು. ಒಬ್ಬರು ಕಂಡುಕೊಂಡ ಕಲಿಸುವ ಬಗೆಯನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ನಮಗೆ ಹೊಸದೇನಲ್ಲ. ಸಲಕರಣೆ ಬದಲಾಗಿದೆ, ಅಷ್ಟೆ.

ಹೆಜ್ಜೆ 1: ಹಂಚಲು ಯೋಗ್ಯವಾದದ್ದನ್ನು ಆರಿಸಿ

ನೀವು ತರಗತಿಯಲ್ಲಿ ಮಾಡಿದ್ದೆಲ್ಲ ಹಂಚಬೇಕಾಗಿಲ್ಲ. ಮೂರು ಪ್ರಶ್ನೆ ಹಾಕಿಕೊಳ್ಳಿ. ಬೇರೆ ಬೇರೆ ಮಕ್ಕಳ ಮುಂದೆ, ಒಂದಕ್ಕಿಂತ ಹೆಚ್ಚು ಸಲ ಇದನ್ನು ಮಾಡಿ ನೋಡಿದ್ದೀರಾ? ಖಡು ಮತ್ತು ಕರಿಹಲಗೆಯಿಂದ ಬಗೆಹರಿಯದ ಯಾವುದಾದರೂ ತೊಡಕು ಇದರಿಂದ ಬಗೆಹರಿಯಿತೇ? ಟಿವಿ, ಮೊಬೈಲ್ ತೆಗೆದುಹಾಕಿದರೆ ಈ ಪಾಠಕ್ಕೆ ಏನು ನಷ್ಟ? ಮೂರನೆಯದಕ್ಕೆ 'ಏನೂ ಇಲ್ಲ' ಎಂಬ ಉತ್ತರ ಬಂದರೆ ಅದನ್ನು ಅಲ್ಲಿಗೇ ಬಿಡಿ. ಪದ್ಯವನ್ನು ಟಿವಿಯಲ್ಲಿ ಹಾಡಿಸಿ ಮಕ್ಕಳನ್ನು ಸುಮ್ಮನೆ ಕೂಡಿಸುವುದಕ್ಕಿಂತ ಅಕ್ಕೋರು ಹಾಡುವುದೇ ಮೇಲು.

ತಂತ್ರಜ್ಞಾನಕ್ಕೆ ನಿಜವಾಗಿ ಕೆಲಸ ಇರುವ ಜಾಗ ಕಣ್ಣಿಗೆ ಕಾಣದ್ದನ್ನು, ಕೈಗೆ ಸಿಗದ್ದನ್ನು ತೋರಿಸಬೇಕಾದಾಗ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ 'ವಿದ್ಯುಚ್ಛಕ್ತಿ' ಪಾಠವಿದೆ. ಸರಣಿ ಜೋಡಣೆ, ಸಮಾಂತರ ಜೋಡಣೆಯ ಸೂತ್ರವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ 'ಮೊದಲನೇ ಬಲ್ಬು ಕರೆಂಟು ತಿಂದುಬಿಡ್ತದ, ಎರಡನೇದಕ್ಕ ಕಡಿಮಿ ಸಿಗ್ತದ' ಎಂಬ ನಂಬಿಕೆ ಮನಸ್ಸಿನಲ್ಲಿ ಹಾಗೇ ಉಳಿದಿರುತ್ತದೆ. ಈ ತಪ್ಪು ಗ್ರಹಿಕೆಯನ್ನು ಮುರಿಯಲು ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡುವ ಫೆಟ್ ಸಿಮ್ಯುಲೇಶನ್‌ಗಳಲ್ಲಿರುವ ನೇರ ವಿದ್ಯುತ್ ಮಂಡಲ ಜೋಡಿಸುವ ಕಿಟ್ ಒಳ್ಳೆಯ ಸಾಧನ. ಫೆಟ್ ಅನ್ನು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರು ಮಾಡಿದವರು ಭೌತಶಾಸ್ತ್ರದ ನೊಬೆಲ್ ವಿಜೇತ ಕಾರ್ಲ್ ವೈಮನ್. ಬಳಕೆಗೆ ದುಡ್ಡಿಲ್ಲ, ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ಮುಂದಿನ ಹೆಜ್ಜೆಗಳಲ್ಲಿ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಬರೆಯಲು ಕೂಡುವ ಮುಂಚೆ ಪಠ್ಯಪುಸ್ತಕದಲ್ಲಿ ಆ ಪಾಠಕ್ಕೆ ಕೊಟ್ಟ ಕ್ಯೂಆರ್ ಕೋಡನ್ನು ಪಾಠದ ವಿಡಿಯೊ, ಸಾಮಗ್ರಿ ಇರುವ ಸರಕಾರದ ದೀಕ್ಷಾ ಆ್ಯಪಿನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ. 2017ರಲ್ಲಿ ಶುರುವಾದ ದೀಕ್ಷಾದಲ್ಲಿ ಅದೇ ವಿಷಯದ ಒಳ್ಳೆಯ ವಿಡಿಯೊ ಇದ್ದರೆ ಅದನ್ನೇ ಮತ್ತೆ ತಯಾರಿಸುವ ಕಷ್ಟ ಯಾಕೆ? ಅದನ್ನು ಎಲ್ಲಿ ನಿಲ್ಲಿಸಬೇಕು, ನಿಲ್ಲಿಸಿದಾಗ ಏನು ಕೇಳಬೇಕು ಎಂದು ಬರೆದುಕೊಟ್ಟರೆ ಅದೂ ದೊಡ್ಡ ಉಪಕಾರವೇ.

ಹೆಜ್ಜೆ 2: ಒಂದು ಹಾಳೆಯಲ್ಲಿ ಬರೆಯಿರಿ

ಇಡೀ ಕೆಲಸದ ಜೀವ ಇರುವುದು ಈ ಹೆಜ್ಜೆಯಲ್ಲಿ. ಒಂದೇ ಹಾಳೆ, ಬೇಕಾದರೆ ಎರಡೂ ಮಗ್ಗುಲು. ಅದಕ್ಕಿಂತ ಉದ್ದವಾದರೆ ಓದುವವರಿಲ್ಲ. ಇದನ್ನು ಸಾಹೇಬರಿಗೆ ತೋರಿಸುವ ಟಾಚಣದ (ಪಾಠ ಟಿಪ್ಪಣಿಯ) ಭಾಷೆಯಲ್ಲಿ ಬರೆಯಬೇಡಿ. 'ವಿದ್ಯಾರ್ಥಿಗಳು ಪರಿಕಲ್ಪನೆಯನ್ನು ಅರ್ಥೈಸಿಕೊಳ್ಳುವರು' ಎಂಬ ಸಾಲಿನಿಂದ ಕುಂದಗೋಳದ ಮಾಸ್ತರರಿಗೆ ಏನೂ ಸಿಗುವುದಿಲ್ಲ. 'ಬಲ್ಬಿನ ಎರಡೂ ಕಡೆ ಅಮ್ಮೀಟರ್ ಇಡಿ, ಓದುವ ಮೊದಲು ಮಕ್ಕಳಿಂದ ಕೈ ಎತ್ತಿಸಿ' ಎಂದು ಬರೆದರೆ ಅವರು ನಾಳೆಯೇ ಮಾಡುತ್ತಾರೆ.

ಹಾಳೆಯ ತಲೆಯಲ್ಲಿ ತರಗತಿ, ಪಾಠ, ಬೇಕಾದ ಸಮಯ. ಅದರ ಕೆಳಗೆ ಮಕ್ಕಳು ಎಡವುವ ಜಾಗ, ಒಂದೇ ವಾಕ್ಯದಲ್ಲಿ, ಸಾಧ್ಯವಾದರೆ ಮಕ್ಕಳ ಮಾತಿನಲ್ಲೇ. ಆಮೇಲೆ ಸಾಮಾನು: ಟಿವಿ ಅಥವಾ ಪ್ರೊಜೆಕ್ಟರ್, ಎಚ್‌ಡಿಎಂಐ ಕೇಬಲ್, ಲ್ಯಾಪ್‌ಟಾಪ್, ಸಿಮ್ಯುಲೇಶನ್ ಇರುವ ಪೆನ್ ಡ್ರೈವ್. ನಂತರ ಪಿರಿಯಡ್ಡಿನ ನಡಿಗೆ. ನಮ್ಮ ಉದಾಹರಣೆಯಲ್ಲಿ ಅದು ಹೀಗೆ ಸಾಗುತ್ತದೆ.

ಮೊದಲು ಒಂದು ಬ್ಯಾಟರಿ, ಒಂದು ಬಲ್ಬು ಜೋಡಿಸಿ. ಕಿಟ್ಟಿನಲ್ಲಿ ಬ್ಯಾಟರಿ 9 ವೋಲ್ಟ್, ಬಲ್ಬಿನ ರೋಧ 10 ಓಮ್ ಎಂದು ಮೊದಲೇ ಇರುತ್ತದೆ. ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ಓಮ್‌ನ ನಿಯಮದಿಂದ ಮಕ್ಕಳೇ ಇದನ್ನು ಲೆಕ್ಕ ಹಾಕಿ ತಾಳೆ ನೋಡಲಿ. ಈಗ ಸರಣಿಯಲ್ಲಿ ಎರಡನೇ ಬಲ್ಬು ಸೇರಿಸಬೇಕು. ಆದರೆ ಸ್ವಿಚ್ ಹಾಕುವ ಮೊದಲು ನಿಲ್ಲಿ. ಯಾವ ಬಲ್ಬು ಹೆಚ್ಚು ಬೆಳಗುತ್ತದೆ? ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ, ಆಮೇಲೆ ಕೈ ಎತ್ತಿಸಿ. ಸ್ವಿಚ್ ಹಾಕಿದರೆ ಎರಡೂ ಬಲ್ಬು ಒಂದೇ ಸಮ, ಮೊದಲಿಗಿಂತ ಮಂದ. ಅಮ್ಮೀಟರನ್ನು ಮೊದಲ ಬಲ್ಬಿನ ಹಿಂದೆ, ಎರಡರ ನಡುವೆ, ಎರಡನೆಯದರ ಮುಂದೆ ಇಡುತ್ತ ಹೋಗಿ. ಮೂರೂ ಕಡೆ 0.45. 'ತಿಂದದ್ದು' ಎಲ್ಲಿ ಹೋಯಿತು ಎಂದು ಕೇಳಿ ಸುಮ್ಮನಿರಿ. ಉತ್ತರ ಮಕ್ಕಳಿಂದ ಬರಲಿ. ಆಮೇಲೆ ಸಮಾಂತರ ಜೋಡಣೆ: ಪ್ರತಿ ಬಲ್ಬಿನಲ್ಲಿ 0.90, ಬ್ಯಾಟರಿಯ ಬಳಿ 1.80. ಕೊನೆಗೆ ಒಂದು ಬಲ್ಬನ್ನು ಕಿತ್ತು ತೋರಿಸಿ. ಮನೆಯಲ್ಲಿ ಒಂದು ಬಲ್ಬು ಸುಟ್ಟರೂ ಫ್ಯಾನ್ ಯಾಕೆ ನಿಲ್ಲುವುದಿಲ್ಲ, ಸಿದ್ಧಾರೂಢ ಜಾತ್ರೆಯಲ್ಲಿ ತೂಗುವ ಹಳೆ ಮಾದರಿಯ ದೀಪದ ಸರದಲ್ಲಿ ಒಂದು ಬಲ್ಬು ಕೆಟ್ಟರೆ ಇಡೀ ಸಾಲು ಯಾಕೆ ಆರುತ್ತದೆ ಎಂಬಲ್ಲಿಗೆ ಮಾತು ತನ್ನಿಂದ ತಾನೇ ಹೋಗುತ್ತದೆ.

ನಡಿಗೆಯ ಕೆಳಗೆ 'ಎಲ್ಲಿ ಸಿಕ್ಕಿಬೀಳುತ್ತೀರಿ' ಎಂಬ ಭಾಗ ಇರಲೇಬೇಕು. ಹಂಚಿಕೊಳ್ಳುವವರು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ, ಓದುವವರಿಗೆ ಎಲ್ಲಕ್ಕಿಂತ ಬೇಕಾದದ್ದೂ ಇದೇ. ಈ ಕಿಟ್ ತೆರೆದಾಗ ತಂತಿಯಲ್ಲಿ ಎಲೆಕ್ಟ್ರಾನುಗಳು ಹರಿಯುವುದು ಕಾಣುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ಬಾಣದ ಗುರುತು ಅದಕ್ಕೆ ಉಲ್ಟಾ ಇರುತ್ತದೆ, ಯಾಕೆಂದರೆ ಅಲ್ಲಿ ತೋರಿಸಿರುವುದು ಸಾಂಪ್ರದಾಯಿಕ ದಿಕ್ಕು, ಅಂದರೆ ಬ್ಯಾಟರಿಯ ಧನ ತುದಿಯಿಂದ ಋಣ ತುದಿಗೆ. ಚುರುಕು ಹುಡುಗಿಯೊಬ್ಬಳು ಇದನ್ನು ಕೇಳಿಯೇ ಕೇಳುತ್ತಾಳೆ. ಮೊದಲೇ ಸಾಂಪ್ರದಾಯಿಕ ದಿಕ್ಕಿಗೆ ಬದಲಿಸಿಕೊಳ್ಳಬಹುದು, ಇಲ್ಲವೇ ಬೇಕೆಂದೇ ಬಿಟ್ಟು ಪ್ರಶ್ನೆ ಹುಟ್ಟಿಸಬಹುದು. ಎರಡೂ ಸರಿಯೇ, ಆದರೆ ಮಾಡುವವರಿಗೆ ಮೊದಲೇ ಗೊತ್ತಿರಬೇಕು. ಹಾಗೆಯೇ ಬಲ್ಬು, ಬ್ಯಾಟರಿಗಳನ್ನು ನಿಜರೂಪದಲ್ಲೂ ಸಂಕೇತದ ರೂಪದಲ್ಲೂ ತೋರಿಸುವ ಗುಂಡಿ ಇದೆ. ಪರೀಕ್ಷೆಯಲ್ಲಿ ಬರುವುದು ಸಂಕೇತದ ಚಿತ್ರ, ಆದ್ದರಿಂದ ಕೊನೆಯ ಐದು ನಿಮಿಷ ಅದಕ್ಕೆ ಬದಲಿಸಿ ಮಕ್ಕಳಿಂದ ಬರೆಸಿ.

ಕೊನೆಯ ಸಾಲು: 'ಕರೆಂಟು ಇಲ್ಲದಿದ್ದರೆ'. ಟಾರ್ಚಿನ ಸೆಲ್ಲು, ಎರಡು ಸಣ್ಣ ಬಲ್ಬು, ತಂತಿ. ಬೆಳಕು ಕುಗ್ಗುವುದನ್ನು ಅದರಲ್ಲೂ ತೋರಿಸಬಹುದು. ಅಂಕಿ ಸಿಗುವುದಿಲ್ಲ, ಆದರೆ ಪಿರಿಯಡ್ ಉಳಿಯುತ್ತದೆ.

ಬೇರೆ ಸಾಧನಗಳಿಗೂ ಇದೇ ಅಚ್ಚು. ಪ್ಲಿಕರ್ಸ್ ಎಂಬ ಆ್ಯಪ್‌ನಲ್ಲಿ ಮಕ್ಕಳ ಕೈಗೆ ಮುದ್ರಿಸಿದ ಕಾರ್ಡು ಕೊಟ್ಟು, ಅವರು ಅದನ್ನು ತಿರುಗಿಸಿ ಹಿಡಿದ ಉತ್ತರವನ್ನು ಶಿಕ್ಷಕರ ಒಂದೇ ಮೊಬೈಲಿನಿಂದ ಓದಿಸಬಹುದು. ಮಕ್ಕಳ ಬಳಿ ಫೋನ್ ಬೇಕಿಲ್ಲ, ಹಳ್ಳಿಯ ಶಾಲೆಗೆ ಹೇಳಿ ಮಾಡಿಸಿದಂತಿದೆ. ಆದರೆ ಕಾರ್ಡಿಗೆ ಹೊಳೆಯುವ ಲ್ಯಾಮಿನೇಶನ್ ಹಾಕಿಸಿದರೆ ಬೆಳಕು ಪ್ರತಿಫಲಿಸಿ ಕ್ಯಾಮೆರಾ ಓದುವುದಿಲ್ಲ. ದಪ್ಪ ಕಾಗದದಲ್ಲಿ ಹಾಗೇ ಮುದ್ರಿಸಿ ಎಂಬ ಒಂದು ಸಾಲು ನಿಮ್ಮ ಹಾಳೆಯಲ್ಲಿದ್ದರೆ ಇನ್ನೊಬ್ಬರ ದುಡ್ಡು ಉಳಿಯಿತು.

ಹೆಜ್ಜೆ 3: ಕನ್ನಡ ಎಲ್ಲರ ಪರದೆಯಲ್ಲೂ ಕನ್ನಡವಾಗಿಯೇ ಕಾಣಲಿ

ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿ ಹಳೆಯ ನುಡಿ ಫಾಂಟು ಇನ್ನೂ ಓಡಾಡುತ್ತಿದೆ. ಅದರಲ್ಲಿ ಟೈಪಿಸಿದ ಕಡತ ಆ ಫಾಂಟು ಇಲ್ಲದ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್‌ನಲ್ಲೇ ಬರೆಯಿರಿ. ಈಗಿನ ನುಡಿ ತಂತ್ರಾಂಶದಲ್ಲೂ ಯೂನಿಕೋಡ್ ಇದೆ, ಕೀಲಿಗಳ ಜೋಡಣೆ ಬದಲಾಗುವುದಿಲ್ಲ, ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ. ಹಳೆಯ ಕಡತಗಳನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಿ, ಆಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಪರಿವರ್ತನೆಯಲ್ಲಿ ಕೆಡುವುದು ಅವೇ.

ಟೈಪಿಸುವುದು ಬೇಸರವೆಂದರೆ ಮೊಬೈಲಿನ ಕೀಲಿಮಣೆಯಲ್ಲಿ ಮೈಕ್ ಒತ್ತಿ ಮಾತಾಡಿದರೂ ಆದೀತು. ಆದರೆ ಅದಕ್ಕೆ ಪುಸ್ತಕದ ಕನ್ನಡವೇ ರೂಢಿ. 'ಹಿಂಗ ಮಾಡ್ರಿ, ಹಂಗ ಬಿಡಬ್ಯಾಡ್ರಿ' ಎಂದು ನಮ್ಮ ಧಾಟಿಯಲ್ಲಿ ಹೇಳಿದರೆ ಏನೇನೋ ಬರೆದು ನಗಿಸುತ್ತದೆ. ಪಾರಿಭಾಷಿಕ ಪದಗಳನ್ನು ಪಠ್ಯಪುಸ್ತಕದಲ್ಲಿ ಇರುವಂತೆಯೇ ಇಡಿ: ರೋಧ, ವಿಭವಾಂತರ, ವಿದ್ಯುತ್ ಪ್ರವಾಹ. ಕೊನೆಗೆ ಪಿಡಿಎಫ್ ಮಾಡಿ ಕಳಿಸಿ, ಜೊತೆಗೆ ತಿದ್ದಲು ಬರುವ ಮೂಲ ಕಡತವನ್ನೂ ಇಡಿ. ಬರೀ ಪಿಡಿಎಫ್ ಕೊಟ್ಟರೆ ಇನ್ನೊಬ್ಬರು ತಮ್ಮ ತರಗತಿಗೆ ತಕ್ಕಂತೆ ಬದಲಿಸಿಕೊಳ್ಳಲಾರರು.

ಹೆಜ್ಜೆ 4: ಫೋಟೊ, ವಿಡಿಯೊ: ಕಡಿಮೆ ಸಾಕು

ಹಾಳೆಯಲ್ಲಿ ಹೇಳಲು ಬಾರದ್ದನ್ನು ಮಾತ್ರ ವಿಡಿಯೊ ಮಾಡಿ. ಎರಡು ಮೂರು ನಿಮಿಷ ಸಾಕು, ಮೊಬೈಲ್ ಅಡ್ಡ ಹಿಡಿಯಿರಿ, ಫ್ಯಾನ್ ಆರಿಸಿ. ನಿಮ್ಮ ಮಾತು ಧಾರವಾಡದ ಕನ್ನಡದಲ್ಲೇ ಇರಲಿ. ಕೇಳುವವರು ನಿಮ್ಮಂಥ ಮಾಸ್ತರರೇ, ಆಕಾಶವಾಣಿಯ ವಾರ್ತೆಯ ಗತ್ತು ಯಾರಿಗೂ ಬೇಕಿಲ್ಲ. ವಾಟ್ಸಾಪಿನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಗಾತ್ರ ಇಳಿಸುತ್ತದೆ, ಪರದೆಯ ಮೇಲಿನ ಅಂಕಿಗಳು ಮಸುಕಾಗುತ್ತವೆ. ಪಿನ್ನಿನ ಗುರುತು ಒತ್ತಿ 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಮೂಲ ಸ್ಪಷ್ಟತೆ ಉಳಿಯುತ್ತದೆ.

ಮಕ್ಕಳ ಮುಖ ಬೇಡ. ಪರದೆ, ಹಲಗೆ, ಮಕ್ಕಳ ಕೈ, ನೋಟ್‌ಬುಕ್ಕಿನ ಪುಟ ತೋರಿಸಿದರೆ ನಿಮ್ಮ ಸಹಶಿಕ್ಷಕರಿಗೆ ಬೇಕಾದ್ದೆಲ್ಲ ಸಿಕ್ಕಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆಯ ಮಾತು ಬದಿಗಿಟ್ಟರೂ, ತಪ್ಪು ಉತ್ತರ ಹೇಳುತ್ತಿರುವ ಹುಡುಗನ ಮುಖ ಮೂರು ಜಿಲ್ಲೆಯ ಫೋನುಗಳಲ್ಲಿ ತಿರುಗುವುದು ನ್ಯಾಯವಲ್ಲ. ನೋಟ್‌ಬುಕ್ಕಿನ ಫೋಟೊ ತೆಗೆಯುವಾಗ ಹೆಸರು, ಹಾಜರಿ ನಂಬರು ಇರುವ ಭಾಗವನ್ನು ಬೆರಳಿನಿಂದಾದರೂ ಮುಚ್ಚಿ.

ಹೆಜ್ಜೆ 5: ಬೇರೆಯವರದ್ದು ಬಳಸಿದ್ದರೆ ಹೆಸರು ಹೇಳಿ

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪಾಠ ಮಾಡುವ ಸಂದರ್ಭದಲ್ಲಿ ಶಿಕ್ಷಕರಿಗೆ ಒಂದಿಷ್ಟು ವಿನಾಯಿತಿ ಕೊಟ್ಟಿದೆ. ಅದನ್ನೇ ನಂಬಿ ಯಾರದೋ ಗೈಡಿನ ಪುಟಗಳನ್ನು ಸ್ಕ್ಯಾನ್ ಮಾಡಿ ಊರಿಗೆಲ್ಲ ಹಂಚಲು ಹೋಗಬೇಡಿ, ತರಗತಿ ಬೇರೆ, ಹಂಚಿಕೆ ಬೇರೆ. ವಿಕಿಪೀಡಿಯದಂಥ ಕಡೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುತ್ತದೆ: ಮೂಲ ಹೇಳಿ ಬಳಸಬಹುದು, ಬದಲಿಸಿದರೆ ಅದನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ನಿಮ್ಮ ಹಾಳೆಯ ಅಡಿಯಲ್ಲೂ 'ಹೆಸರು ಉಳಿಸಿ, ತಿದ್ದಿ, ಹಂಚಿ' ಎಂದು ಒಂದು ಸಾಲು ಹಾಕಿ. ಪಕ್ಕದ ತಾಲ್ಲೂಕಿನ ಶಿಕ್ಷಕರ ಹೆಸರು ಅಳಿಸಿ ತಮ್ಮ ಹೆಸರು ಅಂಟಿಸುವ ಚಾಳಿ ನಮ್ಮಲ್ಲಿ ಇಲ್ಲದಿಲ್ಲ.

ಹೆಜ್ಜೆ 6: ನೆಟ್ ಇಲ್ಲದ ಶಾಲೆಗೂ ಮುಟ್ಟಿಸಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕೂತು ಲಿಂಕು ಕಳಿಸುವುದು ಸುಲಭ. ಕಪ್ಪತಗುಡ್ಡದ ಸೆರಗಿನ ಶಾಲೆಯಲ್ಲಿ, ಹಾನಗಲ್ಲಿನ ಮಳೆಗಾಲದಲ್ಲಿ ಅದು ತೆರೆಯಬೇಕಲ್ಲ. ಫೆಟ್ ಸಿಮ್ಯುಲೇಶನ್ನನ್ನು ಒಂದು ಕಡತವಾಗಿ ಇಳಿಸಿಕೊಳ್ಳಬಹುದು, ನೆಟ್ ಇಲ್ಲದೆಯೇ ಬ್ರೌಸರಿನಲ್ಲಿ ತೆರೆಯುತ್ತದೆ. ಗಣಿತದ ತಂತ್ರಾಂಶ ಜಿಯೋಜಿಬ್ರಾವನ್ನೂ ಕಂಪ್ಯೂಟರಿನಲ್ಲಿ ಅನುಸ್ಥಾಪಿಸಿ ಇಟ್ಟುಕೊಳ್ಳಬಹುದು. ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಪೆನ್ ಡ್ರೈವಿಗೆ ಇಳಿಸಬಹುದು. ಒಂದು ಎಚ್ಚರ: ಹಲವು ಪ್ರೌಢಶಾಲೆಗಳ ಕಂಪ್ಯೂಟರ್ ಕೋಣೆಯಲ್ಲಿ ಇರುವುದು ವಿಂಡೋಸ್ ಅಲ್ಲ, ಉಬುಂಟು. ವಿಂಡೋಸ್‌ಗೆ ಮಾಡಿದ ತಂತ್ರಾಂಶ ಕೊಟ್ಟರೆ ಅಲ್ಲಿ ನಡೆಯುವುದಿಲ್ಲ. ಬ್ರೌಸರಿನಲ್ಲಿ ತೆರೆಯುವ ಕಡತವಾದರೆ ಎರಡೂ ಕಡೆ ನಡೆಯುತ್ತದೆ.

ಪೆನ್ ಡ್ರೈವ್ ಬಗ್ಗೆ ಎರಡು ಮಾತು. ಹಳೆಯ ಟಿವಿ, ಪ್ರೊಜೆಕ್ಟರುಗಳು ಎಲ್ಲ ಬಗೆಯ ಫಾರ್ಮ್ಯಾಟನ್ನು ಓದುವುದಿಲ್ಲ. ಫ್ಯಾಟ್32 ಇದ್ದರೆ ಬಹುತೇಕ ಎಲ್ಲ ಕಡೆ ನಡೆಯುತ್ತದೆ, ಆದರೆ ಅದರಲ್ಲಿ ಒಂದೊಂದು ಕಡತವೂ 4 ಜಿಬಿಗಿಂತ ಚಿಕ್ಕದಿರಬೇಕು. ಕೆಲವು ಟಿವಿಗಳಲ್ಲಿ ಕನ್ನಡದ ಕಡತದ ಹೆಸರು ಬರೀ ಚೌಕಗಳಾಗಿ ಕಾಣುವುದರಿಂದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿಡಿ: ತರಗತಿ, ವಿಷಯ, ಪಾಠ, ಎಷ್ಟನೇ ತಿದ್ದುಪಡಿ, ಇದೇ ಕ್ರಮದಲ್ಲಿ. 'ಹೊಸದು', 'ಫೈನಲ್', 'ಫೈನಲ್ ಹೊಸದು' ಎಂಬ ಹೆಸರುಗಳಿಂದ ಯಾರಿಗೂ ಏನೂ ತಿಳಿಯದು. ಇನ್ನು ಝೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಚುಚ್ಚಿ ತಂದ ಡ್ರೈವನ್ನು ವೈರಸ್ ಪರೀಕ್ಷೆ ಮಾಡದೆ ಶಾಲೆಯ ಯಂತ್ರಕ್ಕೆ ಹಾಕಬೇಡಿ. ಮುದ್ರಣಕ್ಕೆ ಬೇರೆಯೇ ಒಂದು ಸಣ್ಣ ಡ್ರೈವ್ ಇಟ್ಟುಕೊಳ್ಳುವುದು ಜಾಣತನ.

ನೆಟ್ ಇರುವವರಿಗಾಗಿ ಗೂಗಲ್ ಡ್ರೈವಿನಲ್ಲಿ ಒಂದು ಫೋಲ್ಡರ್ ಮಾಡಿ, ಅದರ ಕ್ಯೂಆರ್ ಕೋಡನ್ನು ಹಾಳೆಯ ಮೂಲೆಯಲ್ಲಿ ಮುದ್ರಿಸಿ. 'ನೋಡಬಹುದು' ಎಂಬ ಅನುಮತಿ ಕೊಟ್ಟರೆ ಸಾಕು. 'ತಿದ್ದಬಹುದು' ಎಂದು ಎಲ್ಲರಿಗೂ ಬಿಟ್ಟರೆ ಯಾರದೋ ಬೆರಳು ತಾಗಿ ಕಡತಗಳೇ ಮಾಯವಾಗುತ್ತವೆ.

ಹೆಜ್ಜೆ 7: ಕ್ಲಸ್ಟರ್ ಸಭೆಯಲ್ಲಿ ಮಾಡಿ ತೋರಿಸಿ

ಕಾಗದ ಓದಿ ಮಾಡುವವರು ಕೆಲವರು, ಕಣ್ಣಾರೆ ನೋಡಿ ಮಾಡುವವರು ಬಹಳ ಮಂದಿ. ಸಿ.ಆರ್.ಪಿ.ಯವರ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ) ಹತ್ತಿರ ಮೊದಲೇ ಮಾತಾಡಿ, ಸಮಾಲೋಚನಾ ಸಭೆಯಲ್ಲಿ 20 ನಿಮಿಷ ಕೇಳಿ. ಮಾಹಿತಿ ಕೊಡುವ, ನಮೂನೆ ತುಂಬುವ ಗದ್ದಲ ಶುರುವಾಗುವ ಮೊದಲೇ ಆ 20 ನಿಮಿಷ ಸಿಗಬೇಕು. ಊಟದ ನಂತರ ಸಿಕ್ಕರೆ ಸಿಗದ ಹಾಗೆಯೇ.

ಸ್ಲೈಡ್ ಬೇಡ, ತಂತ್ರಜ್ಞಾನದ ಮಹತ್ವದ ಮೇಲೆ ಭಾಷಣವೂ ಬೇಡ. ಬಂದವರನ್ನು ಹತ್ತನೆಯ ತರಗತಿಯ ಮಕ್ಕಳನ್ನಾಗಿ ಮಾಡಿ ಪಾಠ ಶುರು ಮಾಡಿಬಿಡಿ. 'ಯಾವ ಬಲ್ಬು ಹೆಚ್ಚು ಬೆಳಗತೈತ್ರಿ? ಕೈ ಎತ್ರಿ' ಎಂದಾಗ ಸಮಾಜ ವಿಜ್ಞಾನದ ಅಕ್ಕೋರು, ಕನ್ನಡದ ಮಾಸ್ತರು ತಮ್ಮೊಳಗೇ ವಾದಕ್ಕೆ ಬೀಳುತ್ತಾರೆ. ಹತ್ತು ನಿಮಿಷ ಪಾಠ, ಉಳಿದ ಹತ್ತು ನಿಮಿಷ ಅವರ ಕೈಗೆ ಮೌಸ್. ನೀವು ಹಿಡಿದುಕೊಂಡೇ ಇದ್ದರೆ ಅವರು ನೋಡಿ ಮೆಚ್ಚಿ ಮನೆಗೆ ಹೋಗುತ್ತಾರೆ, ಮಾಡುವುದಿಲ್ಲ.

ಮುಂದಿನ ಸಾಲಿನಿಂದ ಹಿರಿಯ ಮಾಸ್ತರರೊಬ್ಬರು ಹೇಳಬಹುದು: 'ನಾವು ಖಡು ಹಿಡದ ಕಲಿಸಿದ ಹುಡುಗೂರು ಇಂಜಿನಿಯರ ಆಗ್ಯಾರ. ಈಗ್ಯಾಕ್ರಿ ಇದೆಲ್ಲಾ?' ಇದಕ್ಕೆ ವಾದ ಹೂಡಬೇಡಿ, ಅವರ ಮಾತಿನಲ್ಲಿ ಸತ್ಯವೂ ಇದೆ. 'ಸರ, ಪ್ರಶ್ನಿ ನೀವ ಕೇಳ್ರಿ, ನಾ ಪರದೆ ನೋಡ್ಕೋತೀನಿ' ಎಂದು ಅವರನ್ನೇ ಮುಂದೆ ಕರೆಯಿರಿ. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವರಿಗೆ ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೆಣಕಬೇಕು ಎಂಬುದು ಸಿಮ್ಯುಲೇಶನ್ ಮಾಡಿದವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರು ಕೇಳಿದ ಪ್ರಶ್ನೆಗಳನ್ನು ಬರೆದುಕೊಂಡು ನಿಮ್ಮ ಹಾಳೆಗೆ ಸೇರಿಸಿ, ಅವರ ಹೆಸರು ಹಾಕಿ.

ಚೀಲದಲ್ಲಿ ಎಚ್‌ಡಿಎಂಐ ಕೇಬಲ್, ಹಳೆಯ ಪ್ರೊಜೆಕ್ಟರಿಗೆ ಬೇಕಾಗುವ ವಿಜಿಎ ಪರಿವರ್ತಕ, ಎಕ್ಸ್‌ಟೆನ್ಶನ್ ಬೋರ್ಡ್, ಸೆಲ್ಲು ಬಲ್ಬಿನ ಪೊಟ್ಟಣ, ಬಂದವರಿಗೆಲ್ಲ ಆಗುವಷ್ಟು ಹಾಳೆಯ ಪ್ರತಿ. ಸಭೆಯ ಹಿಂದಿನ ದಿನವೇ ಆ ಶಾಲೆಯ ಟಿವಿಯಲ್ಲಿ ಕಡತ ತೆರೆದು ನೋಡಿದರೆ ಇನ್ನೂ ಒಳ್ಳೆಯದು.

ಹೆಜ್ಜೆ 8: ಒಬ್ಬರ ಜೊತೆ ಕೂತು ನೋಡಿ, ಆಮೇಲೆ ತಿದ್ದಿ

ಸಭೆ ಮುಗಿದ ಮೇಲೆ ಎಲ್ಲರ ಹಿಂದೆ ಬೀಳಬೇಡಿ. ಒಬ್ಬರನ್ನು ಆರಿಸಿಕೊಳ್ಳಿ, ನಿಮಗಿಂತ ತಂತ್ರಜ್ಞಾನದಲ್ಲಿ ಹಿಂದಿರುವವರಾದರೆ ಉತ್ತಮ. ಅವರು ನಿಮ್ಮ ಹಾಳೆ ಹಿಡಿದು ತಮ್ಮ ತರಗತಿಯಲ್ಲಿ ಪಾಠ ಮಾಡುವಾಗ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಹಿಂದಿನ ಬೆಂಚಿನಲ್ಲಿ ಕೂತು ಸುಮ್ಮನೆ ನೋಡಿ. ಅವರು ಎಲ್ಲಿ ಹಾಳೆಯನ್ನು ಎರಡನೇ ಸಲ ಓದುತ್ತಾರೋ ಅಲ್ಲಿ ನಿಮ್ಮ ವಾಕ್ಯ ಕೆಟ್ಟಿದೆ. ಎಲ್ಲಿ ಮಕ್ಕಳ ಗಲಾಟೆ ಏಳುತ್ತದೋ ಅಲ್ಲಿ ಮಕ್ಕಳಿಗೆ ಕೆಲಸ ಕೊಟ್ಟಿಲ್ಲ. ಈ ಒಂದು ಪಿರಿಯಡ್ಡಿನಿಂದ ಸಿಗುವ ತಿದ್ದುಪಡಿ ನೂರು 'ಸೂಪರ್ ಸರ'ಗಳಿಂದ ಸಿಗದು.

ಉಳಿದವರಿಂದ ಅಭಿಪ್ರಾಯ ಕೇಳುವಾಗ 'ಹೆಂಗಿತ್ರಿ?' ಎನ್ನಬೇಡಿ, 'ಚೊಲೋ ಇತ್ರಿ' ಎಂಬ ಉತ್ತರ ಸಿದ್ಧವಾಗಿರುತ್ತದೆ. 'ಎಷ್ಟನೇ ನಿಮಿಷಕ್ಕೆ ನಿಂತಿತು? ನೀವು ಯಾವುದನ್ನು ಬಿಟ್ಟಿರಿ?' ಎಂದು ಕೇಳಿ. ಬಿಟ್ಟದ್ದನ್ನು ಹೇಳಲು ಜನ ಹಿಂಜರಿಯುವುದಿಲ್ಲ. ತಿದ್ದಿದ ಹಾಳೆಗೆ ಹೊಸ ತಿದ್ದುಪಡಿ ಸಂಖ್ಯೆ, ದಿನಾಂಕ ಹಾಕಿ, ಹಳೆಯದನ್ನು ಫೋಲ್ಡರಿನಿಂದ ತೆಗೆಯಿರಿ.

ಇಂಥ ಹಾಳೆಗಳು ಒಂದಿಷ್ಟು ಕೂಡಿದ ಮೇಲೆ ಪಾಠವಾರು ಒಂದು ಪಟ್ಟಿ ಬೇಕಾಗುತ್ತದೆ. ಅದನ್ನು ಕ್ಲಸ್ಟರಿನಲ್ಲಿ ಒಬ್ಬರೇ ನೋಡಿಕೊಳ್ಳಲಿ. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಪ್ರತಿ ಲಿಂಕು, ಕ್ಯೂಆರ್ ಕೋಡ್ ಇನ್ನೂ ತೆರೆಯುತ್ತದೆಯೇ, ಪಠ್ಯಪುಸ್ತಕದ ಪುಟ ಬದಲಾಗಿದೆಯೇ ಎಂದು ಒಮ್ಮೆ ನೋಡಿ. ಚೆನ್ನಾಗಿ ಹಣ್ಣಾದ ಹಾಳೆಗಳನ್ನು ನಿಮ್ಮ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನ ಉಪನ್ಯಾಸಕರಿಗೆ ತೋರಿಸಿ, ತರಬೇತಿಗಳಲ್ಲಿ ಬಳಸಲು ಅವರಿಗೂ ಇಂಥವು ಬೇಕಾಗಿರುತ್ತವೆ.

ಇನ್ನೊಂದು ಕೆಲಸವನ್ನು ಮೊದಲ ದಿನವೇ ಮಾಡಿಬಿಡಿ. ಫೋಲ್ಡರನ್ನು ನಿಮ್ಮ ಸ್ವಂತ ಇಮೇಲಿನಲ್ಲಿ ಇಡಬೇಡಿ, ಶಾಲೆಯ ಅಥವಾ ಕ್ಲಸ್ಟರಿನ ಖಾತೆಯಲ್ಲಿಡಿ. ಆ ಖಾತೆಯ ಪಾಸ್‌ವರ್ಡ್ ಕನಿಷ್ಠ ಇಬ್ಬರಿಗೆ ಗೊತ್ತಿರಲಿ, ಮರುಪ್ರಾಪ್ತಿಗೆ ಕೊಟ್ಟ ಮೊಬೈಲ್ ನಂಬರು ಶಾಲೆಯಲ್ಲೇ ಉಳಿಯುವವರದ್ದಾಗಿರಲಿ. ವರ್ಗಾವಣೆಯ ಪಟ್ಟಿ ಬಂದಾಗ ರಿಲೀವ್ ಆಗುವ ಗಡಿಬಿಡಿಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ಪೆನ್ ಡ್ರೈವಿನ ಒಂದು ಪ್ರತಿಯನ್ನು ಶಾಲೆಯ ದಾಸ್ತಾನು ರಜಿಸ್ಟರಿನಲ್ಲಿ ನಮೂದಿಸಿ ಕಪಾಟಿನಲ್ಲಿಡಿಸಿ. ನಿಮ್ಮ ಜಾಗಕ್ಕೆ ಬರುವವರು ಚಾರ್ಜ್ ತೆಗೆದುಕೊಳ್ಳುವಾಗ ಅದನ್ನೂ ಎಣಿಸಿಯೇ ತೆಗೆದುಕೊಳ್ಳುತ್ತಾರೆ.